ಡೆಸ್ ಕಿನ್ಸೆಲಾ ತೆಗೆದ ಕೊನೇ ಫೋಟೋ

ಉಗಿಬಂಡಿ ಓಡುವ ದಿನ ಎಲ್ಲಿ ನಿಂತರೆ ಒಳ್ಳೇ ಫೋಟೋ ಸಿಗುತ್ತೆ ಅಂತ ಗೌಲ್ಬರ್ನ್ ಊರಿನ ಸುತ್ತಮುತ್ತ ಯಾರನ್ನೇ ಕೇಳಿ, ಡೆಸ್ ಕಿನ್ಸೆಲಾನನ್ನ ಕೇಳಿ ಅನ್ನುತ್ತಿದ್ದರು. ಡೆಸ್ ಮಾತ್ರ ಪ್ರಾಣ ಹೋದರೂ ಬಾಯಿ ಬಿಡುತ್ತಿರಲಿಲ್ಲ. ಮಿಕ್ಕವರೆಲ್ಲ ಹಳಿಯ ಪಕ್ಕದ ಒಂದೇ ದಿಬ್ಬದ ಮೇಲೆ ಸಾಲುಗಟ್ಟಿ, ಮೊದಲು ಕ್ಯಾಮೆರಾ ಸ್ಟ್ಯಾಂಡು ನೆಟ್ಟವನ ಮುಂದೆ ಇನ್ನೊಬ್ಬ ಕಾಲಿಟ್ಟ ಅಂತ ಕಚ್ಚಾಡುತ್ತಿರುವಾಗ, ಅವನ ಹಳೇ ಪಿಕಪ್ ಗಾಡಿ ಯಾವುದೋ ಕುರಿ ಹುಲ್ಲುಗಾವಲಿನ ಗೇಟು ದಾಟಿ ಮಾಯವಾಗಿರುತ್ತಿತ್ತು. ವರ್ಷದ ಕೊನೆಗೆ ಉಗಿಬಂಡಿ ಹುಚ್ಚಿನವರ ಸಂಘದ ಕ್ಯಾಲೆಂಡರ್ ಬಂದರೆ ಮುಖಪುಟದಲ್ಲಿ ಡೆಸ್‌ನದೇ ಫೋಟೋ. 'ಈ ಮುದುಕನಿಗೆ ಈ ಜಾಗ ಎಲ್ಲಿ ಸಿಕ್ತಯ್ಯಾ' ಅಂತ ಎಲ್ಲರೂ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಜಾಗ ಹುಡುಕುತ್ತಿದ್ದವಳು ಅವನ ಹೆಂಡತಿ ನೋಲೀನ್. ಫೋಟೋ ತೆಗೆಯುತ್ತಿದ್ದವಳೂ ಅವಳೇ. ಮೂರು ವರ್ಷದ ಹಿಂದೆ ಡೆಸ್‌ನ ಎರಡೂ ಕಣ್ಣಿನ ನಟ್ಟನಡುವೆ ಮಸಿ ಬಳಿದ ಹಾಗೆ ಕಪ್ಪು ಕವಿದಿತ್ತು. ಅಂಚಿನಲ್ಲಿ ಒಂಚೂರು ಬೆಳಕು, ನೆರಳು ತಿಳಿಯುತ್ತಿತ್ತು ಅಷ್ಟೇ. ಎದುರಿಗೆ ನಿಂತವರ ಮುಖ ಅವನ ಪಾಲಿಗೆ ಇರಲಿಲ್ಲ. ಇದನ್ನ ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗೂ ಹೇಳಗೊಟ್ಟಿರಲಿಲ್ಲ. ಹೆಂಡತಿಯ ತೋಳು ಹಿಡಿದು ಯಾಕೆ ನಡೀತೀಯಾ ಅಂದರೆ ಮಂಡಿ ನೋವು. ಗಾಡಿ ಯಾಕೆ ಅವಳು ಓಡಿಸ್ತಾಳೆ ಅಂದರೂ ಮಂಡಿ ನೋವು. ಆ ಮಂಡಿ ಹೊತ್ತಷ್ಟು ಸುಳ್ಳನ್ನ ಅವನ ಮನೆಯಲ್ಲಿ ಇನ್ಯಾವುದೂ ಹೊತ್ತಿರಲಿಲ್ಲ.

ಅರವತ್ತೊಂಬತ್ತು ವರ್ಷದ ಹೆಂಗಸು, ನೋಡಿ, ನಕ್ಷೆ ಹಿಡಿದು ಒಬ್ಬಳೇ ಹೊರಡುತ್ತಿದ್ದಳು. ಬಂಡಿ ಏರು ಹತ್ತುವ ಜಾಗವೇ ಆಗಬೇಕು, ಇಲ್ಲದಿದ್ದರೆ ಹೊಗೆ ಬರಲ್ಲ. ಆ ದಕ್ಷಿಣ ದೇಶದಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ, ಹಳಿಯ ಉತ್ತರಕ್ಕೇ ನಿಲ್ಲಬೇಕು, ಬಿಸಿಲು ಬೆನ್ನಿಗಿರಬೇಕು. ಕರೆಂಟು ಕಂಬ, ತಂತಿ ಬೇಲಿ, ನೀಲಗಿರಿ ಕೊಂಬೆ ಯಾವುದೂ ಅಡ್ಡ ಬರಬಾರದು. ರೈತರ ಬಾಗಿಲು ಬಡಿದು, ನಿಮ್ಮ ಹೊಲದಲ್ಲಿ ಒಂದು ಗಂಟೆ ನಿಂತ್ಕೋತೀವಿ ಅಂತ ಬೇಡಿಕೊಂಡು, ಮುಳ್ಳುಪೊದೆ ಕತ್ತರಿಸಿ, ಕಾಲುಚೀಲದ ತುಂಬ ಹುಲ್ಲುಬೀಜ ಚುಚ್ಚಿಸಿಕೊಂಡು ಮನೆಗೆ ಬರುತ್ತಿದ್ದಳು. 'ಸಿಕ್ತಾ?' ಅನ್ನುತ್ತಿದ್ದ ಡೆಸ್. ಸಿಕ್ಕಿದ್ದರೆ ಸರಿ. ಸಿಗದಿದ್ದರೆ 'ನಿನ್ನ ಕೈಲಿ ಅದೂ ಆಗಲ್ಲ' ಅನ್ನುತ್ತಿದ್ದ.

ಇನ್ನೊಂದಿತ್ತು. ಅವನು ಫಿಲ್ಮಿನ ಕಾಲದವನು. ಒಂದು ಬಂಡಿಗೆ ಒಂದೇ ಕ್ಲಿಕ್, ಅದು ಅವನ ನೇಮ. ಪಟಪಟ ಅಂತ ಇಪ್ಪತ್ತು ಸಲ ಒತ್ತಿ ಅದರಲ್ಲಿ ಒಂದನ್ನ ಆರಿಸಿಕೊಳ್ಳುವವರನ್ನ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಣ್ಣು ಹೋದ ಮೇಲೂ ನೇಮ ಹೋಗಲಿಲ್ಲ. ನೋಲೀನ್ ಒತ್ತುವಾಗ ಕಿವಿಗೊಟ್ಟು ಕೂತಿರುತ್ತಿದ್ದ. ಒಂದು ಸಲ ಎರಡನೇ ಕ್ಲಿಕ್ ಕೇಳಿಸಿತು ಅಂತ ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟಿದ್ದ.

ಅಲ್ಲಿ ಜುಲೈ ಅಂದರೆ ನಟ್ಟ ಚಳಿಗಾಲ. ಆ ಜುಲೈ ಶನಿವಾರ ದೊಡ್ಡ ಇಂಜಿನ್ನಿನ ಕೊನೇ ಓಟ. ಎಲ್ಲರೂ ಅದನ್ನ ಹಿರಿಯಮ್ಮ ಅನ್ನುತ್ತಿದ್ದರು. ಬಾಯ್ಲರಿನ ಪರವಾನಗಿ ಅವತ್ತಿಗೆ ಮುಗಿಯುತ್ತಿತ್ತು, ಇನ್ನು ರಿಪೇರಿ ಅಂತ ಹತ್ತು ವರ್ಷ ಷೆಡ್ಡಿನಿಂದ ಹೊರಗೆ ಬರುವುದಿಲ್ಲ. ಡೆಸ್‌ಗೆ ಎಪ್ಪತ್ತೆಂಟು. ಮಾರನೇ ದಿನ, ಭಾನುವಾರ ಮಧ್ಯಾಹ್ನ, ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕೊನೇ ಓಟದ ಅವನ ಫೋಟೋವನ್ನ ಅಲ್ಲಿ ಪರದೆ ಮೇಲೆ ತೋರಿಸಿ, ಆಮೇಲೆ ಆಳೆತ್ತರ ಮಾಡಿಸಿ, ಕೆಳಗೆ ಅವನ ಹೆಸರು ಬರೆಸಿ, ಹಳೇ ಸ್ಟೇಷನ್ನಿನ ಹಾಲಿನಲ್ಲಿ ಶಾಶ್ವತವಾಗಿ ತೂಗುಹಾಕುವುದು ಅಂತ ತೀರ್ಮಾನವಾಗಿತ್ತು. ಈ ಒಂದು ಫೋಟೋಗೋಸ್ಕರ ಡೆಸ್ ಉಸಿರು ಹಿಡಿದುಕೊಂಡಿದ್ದ ಅಂದರೆ ಸುಳ್ಳಲ್ಲ.

ಬೆಳಿಗ್ಗೆ ಎಲ್ಲರೂ ಸೇರುವುದು ಪೇಟೆಬೀದಿಯ ಬೇಕರಿಯಲ್ಲಿ. ಮಾಂಸದ ಪೈ ಮೇಲೆ ಟೊಮೆಟೊ ಸಾಸ್ ಸುರಿದುಕೊಂಡು, ಯಾರು ಎಲ್ಲಿ ನಿಲ್ತಾರೆ ಅಂತ ಒಬ್ಬರ ಬಾಯಿಗೆ ಒಬ್ಬರು ಕೋಲು ಹಾಕುತ್ತಿದ್ದರು. ಸಂಘದ ಅಧ್ಯಕ್ಷ ವಾರ್ವಿಕ್ ಬಂದು ಡೆಸ್‌ನ ಹೆಗಲು ತಟ್ಟಿದ.

"ಇವತ್ತಾದ್ರೂ ಜಾಗ ಹೇಳೋ ಮಾರಾಯ. ಹೆಂಗೂ ಕೊನೇ ಓಟ."

"ಹೇಳಿದ್ರೆ ನೀನು ಹೊಟ್ಟೆ ಹೊತ್ಕೊಂಡು ಬಂದು ಅಡ್ಡ ನಿಲ್ತೀಯ," ಅಂದ ಡೆಸ್. ಎಲ್ಲರೂ ನಕ್ಕರು.

ಹೊಸದಾಗಿ ಸಂಘಕ್ಕೆ ಸೇರಿದ್ದ ಟೀಗನ್ ಅನ್ನುವ ಹುಡುಗಿ ನೋಲೀನ್ ಕಡೆಗೆ ಬಾಗಿದಳು. "ನೀವೂ ಫೋಟೋ ತೆಗೀತೀರಾ?"

ನೋಲೀನ್ ಬಾಯಿ ತೆರೆಯುವಷ್ಟರಲ್ಲಿ ಡೆಸ್ ಮಧ್ಯೆ ಬಾಯಿ ಹಾಕಿದ. "ಇವಳಾ? ನಿಂತಿರೋ ಇಂಜಿನ್ ತೆಗಿ ಅಂದ್ರೂ ಚಿಮಣಿ ಕತ್ತರಿಸಿ ಕೂರಿಸ್ತಾಳಮ್ಮಾ! ಇವಳ ಕೈಗೆ ಕ್ಯಾಮೆರಾ ಕೊಡೋದೂ ಒಂದೇ, ಕುರಿ ಕೈಗೆ ಕೊಡೋದೂ ಒಂದೇ."

ಬೇಕರಿಯೇ ಹಾರಿಹೋಗುವ ಹಾಗೆ ನಕ್ಕರು. ನೋಲೀನೂ ನಕ್ಕಳು. ಮೂರು ಮುಖಪುಟ ತೆಗೆದವಳು, ಪೈ ಬಿಸಿ ಇದೆ ಅನ್ನುವ ನೆಪದಲ್ಲಿ ಊದುತ್ತಾ ತಲೆ ತಗ್ಗಿಸಿಕೊಂಡಳು.

ಗಾಡಿಯನ್ನ ಮಣ್ಣುದಾರಿಗೆ ತಿರುಗಿಸಿದ ಮೇಲೆ ನೋಲೀನ್ ಹೇಳಿದಳು, "ಡೆಸ್, ಆ ದೊಡ್ಡ ಫೋಟೋ ಕೆಳಗೆ ನನ್ನ ಹೆಸರೂ ಹಾಕಿಸು. ಚಿಕ್ಕದಾಗಿ ಇದ್ರೂ ಸಾಕು. ಇಬ್ಬರೂ ಸೇರಿ ತೆಗೆದದ್ದು ಅಂತ."

"ಯಾಕೆ?"

"ಯಾಕೆ ಅಂದ್ರೇನು? ನಾನು ತೆಗೆಯೋದು, ಅದಕ್ಕೆ."

"ನೀನು ಒತ್ತೋದು. ತೆಗೆಯೋನು ನಾನು," ಅಂದ ಅವನು. "ಐವತ್ತು ವರ್ಷದ ಹೆಸರು ನಂದು. ಪಕ್ಕದಲ್ಲಿ ನಿನ್ನ ಹೆಸರು ಕಂಡ್ರೆ, ಡೆಸ್‌ಗೆ ಏನಾಯ್ತು, ಕಣ್ಣು ಹೋಯ್ತಾ ಅಂತ ಕೇಳ್ತಾರೆ. ಬೇಕಾ ನಿಂಗೆ? ನನ್ನ ಮರ್ಯಾದೆ ತೆಗೀಬೇಕಾ?"

"ಕಣ್ಣು ಹೋಗಿರೋದು ನಿಜ ತಾನೇ?"

"ಬಾಯಿ ಮುಚ್ಕೊಂಡು ಗಾಡಿ ಓಡ್ಸು."

ಅವಳು ಓಡಿಸಿದಳು. ಆದರೆ ಮದುವೆಯಾದ ನಲವತ್ತಾರು ವರ್ಷವೂ ನುಂಗಿಕೊಂಡು ಬಂದವಳಿಗೆ ಈ ಸಲ ನುಂಗೋದಕ್ಕೆ ಆಗಲಿಲ್ಲ.

ಆ ದಿನದ ಜಾಗಕ್ಕೆ ಅವಳು ಹನ್ನೊಂದು ಸಲ ಬಂದುಹೋಗಿದ್ದಳು. ಹಳ್ಳದ ಮೇಲೆ ಒಂದು ಬೋಳುಗುಡ್ಡ. ಕೆಳಗೆ ಹಳಿ ಒಂದು ಮೈಲಿ ಉದ್ದಕ್ಕೂ ಬಾಗಿಕೊಂಡು ಏರು ಹತ್ತುತ್ತಿತ್ತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು, ಗಾಳಿ ಇರಲಿಲ್ಲ, ಬೆನ್ನಿಗೆ ಎಳೆ ಬಿಸಿಲು. ಇಂಥ ಚಳಿಯಲ್ಲಿ ಉಗಿ ಹತ್ತಿ ಬಿಡಿಸಿದ ಹಾಗೆ ದಪ್ಪಗೆ ಬರುತ್ತೆ. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಜನ್ಮಕ್ಕೆ ಒಂದು ಸಲ ಅಂತ ಅವಳಿಗೂ ಗೊತ್ತಿತ್ತು. ಮಡಚುವ ಕುರ್ಚಿ ಬಿಚ್ಚಿ ಡೆಸ್‌ನನ್ನ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ, ಕ್ಯಾಮೆರಾ ಸ್ಟ್ಯಾಂಡಿಗೇರಿಸಿದಳು.

ಹತ್ತೂ ಇಪ್ಪತ್ತಕ್ಕೆ ದೂರದಲ್ಲಿ ಸೀಟಿ ಕೇಳಿಸಿತು.

ಡೆಸ್ ಕುರ್ಚಿಯ ತುದಿಗೆ ಬಂದ. "ಬಂತು! ಹೊಗೆ ಕಾಣ್ತಾ? ಕಪ್ಪಾ, ಬಿಳಿಯಾ?"

"ಬಿಳಿ."

"ನೀನು ಹೇಳಿದ್ಯಲ್ಲ, ಹಳಿ ಪಕ್ಕದ ಆ ಬಿಳೀ ಕಂಬ, ಅದರ ಹತ್ರ ಬರೋವರೆಗೂ ಮುಟ್ಟಬೇಡ. ಕೇಳಿಸ್ತಾ? ಮುಟ್ಟಬೇಡ!"

ಹಿರಿಯಮ್ಮ ತಿರುವಿನಲ್ಲಿ ಕಾಣಿಸಿಕೊಂಡಳು. ಏದುಸಿರು ಬಿಡುತ್ತಾ, ಹಿಂದೆ ಒಂಬತ್ತು ಕೆಂಪು ಡಬ್ಬಿ ಎಳೆದುಕೊಂಡು, ಇಡೀ ಕಣಿವೆಯನ್ನ ಗುಡುಗಿಸುತ್ತಾ ಬಂದಳು. ಆ ಸದ್ದು ಹಿಂದಿನ ಗುಡ್ಡಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಡೆಸ್ ಆ ಮಾರ್ದನಿಯನ್ನೇ ಬಂಡಿ ಅಂದುಕೊಂಡು, ಕುರ್ಚಿಯಲ್ಲೇ ಹೊರಳಿ, ಹಳಿಗೆ ಬೆನ್ನು ಹಾಕಿ, ಬರಿಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ಬಾಯಿ ತೆರೆದಿತ್ತು. ಕಣ್ಣು ಎರಡೂ ಏನನ್ನೂ ಹಿಡಿಯದೆ ಅಲ್ಲಾಡುತ್ತಿದ್ದವು.

ನೋಲೀನ್ ಅವನನ್ನ ನೋಡಿದಳು. ಬಂಡಿಯನ್ನ ನೋಡಿದಳು. ಇಬ್ಬನಿ, ಬಿಸಿಲು, ಉಗಿ ಎಲ್ಲ ಅವಳು ಲೆಕ್ಕ ಹಾಕಿದ ಕಡೆಗೇ ಬಂದು ನಿಂತಿದ್ದವು.

"ಈಗ! ಈಗ ಒತ್ತೇ! ಏನು ಬಾಯಿ ಬಿಟ್ಕೊಂಡು ನಿಂತಿದ್ದೀಯಾ, ದರಿದ್ರದೋಳೇ, ಒತ್ತು!"

ಅವಳು ಕ್ಯಾಮೆರಾ ತಿರುಗಿಸಿದಳು. ಹಿಂದಿನ ಬಂಡಿ ಬೀಳದ ಹಾಗೆ ಕೆಳಕ್ಕೆ ಬಾಗಿಸಿ, ನೇರವಾಗಿ ಗಂಡನ ಮುಖಕ್ಕೆ ಹಿಡಿದು, ಅವಸರ ಮಾಡದೆ, ಒಂದೇ ಒಂದು ಸಲ ಒತ್ತಿದಳು.

ಕ್ಲಿಕ್ ಕೇಳಿಸಿದ್ದೇ ಡೆಸ್‌ನ ಭುಜ ಸಡಿಲವಾಯಿತು. ಬಂಡಿ ಅವನ ಬೆನ್ನ ಹಿಂದೆ ಹಾದುಹೋಗಿ, ಕೊನೇ ಡಬ್ಬಿ ಗುಡ್ಡದ ಮರೆಗೆ ಸರಿಯಿತು. ನೋಲೀನ್‌ಗೆ ಅಳು ಬಂತು. ಅವನ ಮೇಲಿನ ಮರುಕಕ್ಕಲ್ಲ. ತಾನು ತೆಗೆಯದೆ ಬಿಟ್ಟ ಫೋಟೋಗೆ.

"ಹೇಳು, ಹೆಂಗಿತ್ತು?" ಅಂದ ಅವನು.

ಅವಳು ಎಲ್ಲ ಹೇಳಿದಳು. ಉಗಿ ಎಡಕ್ಕೆ ಬಾಗಿ ಮೂರನೇ ಡಬ್ಬಿಯ ಮೇಲೆ ಕವಿದದ್ದು, ಚಕ್ರದ ಸರಳಿನ ಮೇಲೆ ಬಿಸಿಲು ಹೊಳೆದದ್ದು, ಡ್ರೈವರ್ ಹೊರಗೆ ಬಾಗಿ ಕೈ ಎತ್ತಿದ್ದು. ಮನೆಗೆ ಹೋದ ಮೇಲೂ ನಾಲ್ಕು ಸಲ ಹೇಳಿಸಿಕೊಂಡು ಅವನು ಬಾಯಿಪಾಠ ಮಾಡಿದ. "ನಾಳೆವರೆಗೂ ಯಾರಿಗೂ ತೋರಿಸಬೇಡ," ಅಂತ ತಾಕೀತು ಮಾಡಿದ. ಅವಳು ತೋರಿಸಲಿಲ್ಲ.

ಭಾನುವಾರ ಸ್ಟೇಷನ್ನಿನ ಹಾಲಿನಲ್ಲಿ ನಲವತ್ತು ಜನಕ್ಕೆ ಕಮ್ಮಿ ಇರಲಿಲ್ಲ. ಚಹಾ, ಸ್ಕೋನು ಅನ್ನೋ ಬನ್ನು, ಜಾಮು. ಡೆಸ್ ಕೋಟು ಹಾಕಿಕೊಂಡು, ವಾರ್ವಿಕ್‌ನ ಭಾಷಣಕ್ಕೆಲ್ಲ ತಲೆಯಾಡಿಸಿ, ಹೆಂಡತಿಯ ತೋಳು ಹಿಡಿದು ಪರದೆಯ ಪಕ್ಕಕ್ಕೆ ಬಂದು ನಿಂತ. ವಾರ್ವಿಕ್ ಕಿಟಕಿಯ ಪರದೆ ಎಳೆದು, ನೋಲೀನ್ ಕೊಟ್ಟ ಪೆನ್ ಡ್ರೈವನ್ನ ಪ್ರೊಜೆಕ್ಟರಿಗೆ ಚುಚ್ಚಿದ.

ಪರದೆಯ ತುಂಬ ಡೆಸ್‌ನ ಮುಖ ಬಂತು.

ಎಂಥಾ ಫೋಟೋ ಅದು! ಒಂದೊಂದು ಸುಕ್ಕೂ ಕಾಣುತ್ತಿತ್ತು. ಗಡ್ಡದ ಕೂದಲಿನ ಮೇಲೆ ಜೊಲ್ಲಿನ ಹನಿ, ತೆರೆದ ಬಾಯಿ, ಎರಡು ದಿಕ್ಕಿಗೆ ತೇಲಿದ ಖಾಲಿ ಕಣ್ಣು. ಹಿಂದೆ ಬೆಳ್ಳಗೆ ಹೆಪ್ಪುಗಟ್ಟಿದ ಹುಲ್ಲು. ಬಂಡಿಯ ಸುಳಿವಿಲ್ಲ. ಈ ಮನುಷ್ಯನಿಗೆ ಏನೂ ಕಾಣಲ್ಲ ಅಂತ ಮಗುವಿಗೂ ಗೊತ್ತಾಗುತ್ತಿತ್ತು.

"ನೋಡಿ," ಅಂತ ಡೆಸ್ ಪರದೆಯ ಕಡೆ ಕೈ ಚಾಚಿದ. "ಹೊಗೆ ನೋಡಿ ಮೊದಲು. ಎಡಕ್ಕೆ ಬಾಗಿ ಆ ಮೂರನೇ ಡಬ್ಬಿ ಮೇಲೆ ಹೆಂಗೆ ಕೂತಿದೆ! ಸರಳಿನ ಮೇಲೆ ಬಿಸಿಲು ಬಿದ್ದಿದೆ ನೋಡಿ. ಇದಕ್ಕೆ ಅಂತ ಅರ್ಧ ನಿಮಿಷ ಕಾದೆ. ಮಿಕ್ಕವರಾದ್ರೆ ಆಗಲೇ ಒತ್ತಿ ಕೆಡಿಸಿರ್ತಿದ್ರು."

ಅವನ ಬೆರಳು ತನ್ನದೇ ಕಣ್ಣಿನ ಮೇಲೆ, ಮೂಗಿನ ಮೇಲೆ ಓಡಾಡುತ್ತಿತ್ತು. ಟೀಗನ್ ನೆಲ ನೋಡುತ್ತಾ ಕೂತಳು.

"ಏನ್ರಯ್ಯಾ, ಮಾತೇ ನಿಂತುಹೋಯ್ತಾ?" ಅಂತ ಡೆಸ್ ನಕ್ಕ.

ವಾರ್ವಿಕ್ ಎದ್ದು ನಿಂತ. ಮುಖ ಕೆಂಪಗಾಗಿತ್ತು. "ಅದ್ಭುತ ಡೆಸ್, ಅದ್ಭುತ," ಅಂತ ಜೋರಾಗಿ ಚಪ್ಪಾಳೆ ಹೊಡೆದ. ಅವನು ಹೊಡೆದಿದ್ದೇ ಮಿಕ್ಕವರೂ ಎದ್ದರು. ಹಾಲಿನ ತುಂಬ ಚಪ್ಪಾಳೆಯೋ ಚಪ್ಪಾಳೆ.

ನೋಲೀನ್ ಡೆಸ್‌ನಿಂದ ಸ್ವಲ್ಪ ದೂರ ಸರಿದು ಕಾದಳು. ಈಗಲಾದರೂ ಯಾರೋ ಒಬ್ಬರು ಕೇಳುತ್ತಾರೆ, ಹಾಗಾದ್ರೆ ಆ ಮೂರು ಮುಖಪುಟ ತೆಗೆದೋರು ಯಾರು ಅಂತ. ಅದನ್ನ ಕೇಳಿಸಿಕೊಳ್ಳೋದಕ್ಕೇ ಅಲ್ಲವಾ ಅವಳು ಆ ಬಂಡಿಯನ್ನ ಕಳೆದುಕೊಂಡದ್ದು. ವಾರ್ವಿಕ್ ಅವಳ ಹತ್ತಿರ ಬಂದು, ಹಲ್ಲು ಕಚ್ಚಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಅಂದ: "ನಾಚಿಕೆ ಆಗಲ್ವಾ ನಿಂಗೆ? ಪಾಪ, ಅಂಥಾ ದೊಡ್ಡ ಮನುಷ್ಯನಿಗೆ!"

ಅಷ್ಟೇ. ಬೇರೆ ಯಾರೂ ಏನೂ ಕೇಳಲಿಲ್ಲ.

"ನೋಲೀನ್‌ಗೂ ಒಂದು ಚಪ್ಪಾಳೆ ಹಾಕ್ರಪ್ಪಾ," ಅಂತ ಡೆಸ್ ಉದಾರವಾಗಿ ಕೈ ಬೀಸಿದ. "ದಾರಿಯುದ್ದಕ್ಕೂ ಗೇಟು ತೆಗೆದು ಹಾಕೋಕೆ ಯಾರಾದ್ರೂ ಬೇಕಲ್ಲ!"

ಚಪ್ಪಾಳೆ ಇನ್ನೂ ಜೋರಾಯಿತು. ಅವಳು ಅವನ ಪಕ್ಕಕ್ಕೆ ಬಂದು ಕಿವಿಗೆ ಬಾಯಿಟ್ಟಳು.

"ಪರದೆ ಮೇಲೆ ಬಂಡಿ ಇಲ್ಲ ಡೆಸ್. ನೀನಿದ್ದೀಯ. ಗುಡ್ಡದ ಕಡೆ ಮುಖ ಮಾಡ್ಕೊಂಡು, ಬಾಯಿ ತೆರ್ಕೊಂಡು ಕೂತಿದ್ಯಲ್ಲ, ಅದು. ಕಣ್ಣು ಕಾಣಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿದೆ."

ಅವನ ಮುಖದ ಮೇಲಿನ ನಗು ಹಾಗೇ ಉಳಿಯಿತು. ಅದನ್ನ ತೆಗೆಯುವುದು ಹೇಗೆ ಅಂತ ಗೊತ್ತಾಗದವನ ಹಾಗೆ ನಿಂತ.

"ಯಾವಾಗಿಂದ ನೋಡ್ತಿದ್ದಾರೆ?" ಅಂದ.

"ನೀನು ಮಾತು ಶುರು ಮಾಡಿದಾಗಿಂದ."

"ಮತ್ತೆ... ಚಪ್ಪಾಳೆ?"

"ಪಾಪ ಅಂತ ಹೊಡೀತಿದ್ದಾರೆ."

ಅವನ ಕೈ ಅವಳ ತೋಳಿಗಾಗಿ ಹುಡುಕಿತು. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆಮೇಲೆ ಅವನು ಕೂತುಕೊಳ್ಳೋಣ ಅಂತ ಕುರ್ಚಿಗಾಗಿ ಬಲಕ್ಕೆ ತಡಕಿದ, ಹಿಂದಕ್ಕೆ ತಡಕಿದ, ಪರದೆಯ ಅಂಚು ಸಿಕ್ಕಿ ಅದನ್ನೇ ಹಿಡಿದುಕೊಂಡ. ಪರದೆಯ ಮೇಲಿನ ಮುಖ ಅಲ್ಲಾಡಿತು. ಚಪ್ಪಾಳೆ ಒಂದೊಂದಾಗಿ ನಿಂತಿತು, ನಲವತ್ತು ಜನ ನೋಡುತ್ತಾ ಉಳಿದರು. ಕುರ್ಚಿ ಎಡಗಡೆ ಇತ್ತು, ಎರಡೇ ಅಡಿ ದೂರ. ನೋಲೀನ್‌ಗೆ ಅದು ಕಾಣುತ್ತಿತ್ತು. ಅವಳು ಹೇಳಲಿಲ್ಲ.