ಅಕ್ಕನೊಂದಿಗೆ ಸಂಪರ್ಕವಿಲ್ಲ

ನನ್ನ ಗಂಡನಿಗೆ ಅಳತೆಯ ಹುಚ್ಚು. ಸರಕಾರಿ ಪ್ರಯೋಗಾಲಯದಲ್ಲಿ ಮಾಪಕಗಳನ್ನು ಸರಿಹೊಂದಿಸುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹುಡುಕಿ ತೆಗೆಯುತ್ತಾರೆ. ಇಂಥವರ ಬುದ್ಧಿ ಸ್ವಂತ ಅಕ್ಕನ ವಿಷಯದಲ್ಲಿ ಎಲ್ಲಿಗೆ ಹೋಗಿತ್ತೋ ನಾ ಕಾಣೆ.

ಪ್ರಯೋಗಾಲಯದ ಹಿಂಭಾಗದಲ್ಲಿ ರಕ್ಷಣಾ ವಿಭಾಗವಿದೆ. ಕಿಟಕಿಯಿಲ್ಲ, ಬಾಗಿಲಿಗೆ ಕಾವಲು. ಅಲ್ಲಿನ ಮುಖ್ಯಸ್ಥನ ಹುದ್ದೆಗೆ ಇವರು ವರ್ಷಗಟ್ಟಲೆ ಹಂಬಲಿಸಿದ್ದರು. ಅಂತೂ ಇವರ ಹೆಸರು ಬಂತು. ಭದ್ರತಾ ಇಲಾಖೆಯವರು ಹಿನ್ನೆಲೆ ವಿಚಾರಿಸಿ ಒಪ್ಪಿಗೆ ಕೊಡುವುದೊಂದು ಬಾಕಿ.

"ಪರದೇಶದಲ್ಲಿ ಹತ್ತಿರದ ಸಂಬಂಧಿಕರು ಇದ್ದಾರಾ ಅಂತ ಕೇಳ್ತಾರಂತೆ," ಎಂದರು ಒಂದು ಸಂಜೆ, ತಟ್ಟೆಯಲ್ಲಿ ಬೆರಳಾಡಿಸುತ್ತ.

ಇದ್ದರಲ್ಲ, ಅಕ್ಕ. ನಮ್ಮತ್ತೆ ತೀರಿಕೊಂಡಾಗ ಇವರಿನ್ನೂ ಪುಟ್ಟ ಮಗು. ತನ್ನ ಓದು ಬಿಟ್ಟು ಇವರನ್ನು ಓದಿಸಿದವರು ಆಕೆ. ಮದುವೆಯಾಗಿ ಗಡಿಯಾಚೆ ಹೋದರು. ಆಮೇಲೆ ಆ ದೇಶಕ್ಕೂ ನಮಗೂ ಎಣ್ಣೆ ಸೀಗೆಕಾಯಿ ಆಯಿತು. ಆದರೂ ಭಾನುವಾರ ತಪ್ಪದೆ ಫೋನು. ಅಕ್ಕನದು ದೊಡ್ಡ ಗಂಟಲು, ತಮ್ಮನದು ಅದಕ್ಕಿಂತ ದೊಡ್ಡದು. ಮೆಟ್ಟಿಲು ಹತ್ತುವವರೂ ಇಬ್ಬರ ಕ್ಷೇಮಸಮಾಚಾರ ತಿಳಿದುಕೊಂಡೇ ಹೋಗುತ್ತಿದ್ದರು.

"ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ," ಎಂದೆ.

"ನಿಂಗೊತ್ತಾಗಲ್ಲ, ಸುಮ್ನಿರು," ಎಂದು ನನ್ನ ಬಾಯಿ ಮುಚ್ಚಿಸಿದರು. ಆ ಭಾನುವಾರ ಅಕ್ಕನಿಗೂ ಹೇಳಿದರು: "ಸ್ವಲ್ಪ ದಿನ ಫೋನ್ ಮಾಡ್ಬೇಡ ಅಕ್ಕ. ಕೆಲಸ ಆದ್ಮೇಲೆ ನಾನೇ ಮಾಡ್ತೀನಿ."

ಆಕೆ, "ಆಗ್ಲಿ ಪುಟ್ಟ. ನಿಂಗೆ ಒಳ್ಳೇದಾದ್ರೆ ಸಾಕು," ಎಂದರು.

ವಿಚಾರಣೆಯಲ್ಲಿ ಇವರು, ಅಕ್ಕನೊಬ್ಬಳಿದ್ದಾಳೆ, ಆದರೆ ಎಷ್ಟೋ ವರ್ಷಗಳಿಂದ ಸಂಪರ್ಕವಿಲ್ಲ ಎಂದುಬಿಟ್ಟರು. ಅಧಿಕಾರಿ ತಲೆಯಾಡಿಸಿದ. ಆಮೇಲೆ ನೆರೆಹೊರೆಯವರನ್ನು ವಿಚಾರಿಸಲು ಬಂದ. ಮೇಲಿನ ಮನೆಯ ಅಜ್ಜಿಗೆ ಇವರೆಂದರೆ ಪಂಚಪ್ರಾಣ. ದೊಡ್ಡ ಕೆಲಸ ಸಿಗಲಿ ಎಂದು ಬಾಯ್ತುಂಬ ಹೊಗಳಿದರಂತೆ. "ಚಿನ್ನದಂಥ ಹುಡುಗ ಕಣಪ್ಪ. ಅಕ್ಕ ಅಷ್ಟು ದೂರ ಇದ್ರೂ ವಾರ ವಾರ ಮಾತಾಡ್ತಾನೆ. ಈಗಿನ ಕಾಲದಲ್ಲಿ ಯಾರಿದ್ದಾರೆ ಹಾಗೆ?" ಹೇಳಿದ್ದನ್ನೆಲ್ಲ ಆಕೆಯೇ ಬಂದು ಹೆಮ್ಮೆಯಿಂದ ನನಗೆ ಒಪ್ಪಿಸಿದರು. ಬೈಯಲು ನನಗೆ ಮನಸ್ಸು ಬರಲಿಲ್ಲ.

ಒಪ್ಪಿಗೆ ಸಿಗಲಿಲ್ಲ. ಅಕ್ಕ ಇರುವುದೇ ತಪ್ಪಾ ಎಂದು ಇವರು ಅಧಿಕಾರಿಯನ್ನು ಕೇಳಿದರಂತೆ.

"ಅದಕ್ಕಲ್ಲ ಸರ್," ಎಂದನಂತೆ ಆತ. "ಅವರು ಮನೆ ನೋಡ್ಕೊಂಡಿರೋರು, ಅಲ್ಲಿನ ಸರ್ಕಾರಕ್ಕೂ ಅವರಿಗೂ ಏನೂ ಇಲ್ಲ. ಫೋನಲ್ಲಿ ಮಾತಾಡೋದನ್ನ ನೀವೇ ಹೇಳಿದ್ದಿದ್ರೆ ಬಹುಶಃ ಒಪ್ಪಿಗೆ ಕೊಡ್ತಿದ್ವಿ. ಮುಚ್ಚಿಟ್ರಲ್ಲ, ಅದಕ್ಕೆ. ಮುಚ್ಚಿಟ್ಟ ವಿಷಯ ಹಿಡ್ಕೊಂಡು ನಾಳೆ ಯಾರಾದ್ರೂ ನಿಮ್ಮನ್ನ ಹೆದರಿಸಬಹುದು."

ಮನೆಗೆ ಬಂದವರು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. "ಅಕ್ಕಂಗಾದ್ರೂ ಫೋನ್ ಮಾಡಿ," ಎಂದೆ.

ಮಾಡಿದರು. ಇವರು "ಅಕ್ಕ" ಎಂದದ್ದೇ ತಡ, ಆಕೆಯ ದನಿ ಪಿಸುಮಾತಿಗೆ ಇಳಿಯಿತು; ನಾನೂ ಫೋನಿಗೆ ಕಿವಿ ಹಚ್ಚಿದೆ.

"ಕೆಲಸ ಆಯ್ತಾ ಪುಟ್ಟ?"

"ಇಲ್ಲ ಅಕ್ಕ, ಅದು..." ಎಂದರು ಇವರು.

"ಇನ್ನೂ ಇಲ್ವಾ? ಮತ್ಯಾಕೋ ಮಾಡ್ದೆ? ಯಾರಾದ್ರೂ ಕೇಳಿಸ್ಕೊಂಡ್ರೆ? ನೀನೇನೂ ಹೆದರ್ಬೇಡ, ಯಾರು ಕೇಳಿದ್ರೂ ನಂಗೆ ತಮ್ಮನೇ ಇಲ್ಲ ಅಂತೀನಿ. ಇಡು, ಇಡು."

ಇವರು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರು, ಮತ್ತೂ ಮಾಡಿದರು. ಆಕೆ ಎತ್ತಲಿಲ್ಲ.