ತಲೆಯಾಡಿಸಿದ್ದು ದಾಖಲಾಗುವುದಿಲ್ಲ

ಆ ಡಾಕ್ಟರಿಗೆ ಬರುತ್ತಿದ್ದದ್ದು ಒಂದೇ ಮಾತು, ನಾರ್ಮಲ್. ಕೂದಲು ಉದುರುತ್ತಿದೆ ಅಂದರೆ ನಾರ್ಮಲ್. ಸುಸ್ತು ಅಂದರೆ ನಾರ್ಮಲ್. ಕಾಲು ಜುಮುಗುಡುತ್ತಿದೆ ಅಂದರೆ ಅದೂ ನಾರ್ಮಲ್. ತಲೆಯೇ ಕಳಚಿ ಕೈಗೆ ಬಂತು ಅಂದಿದ್ದರೂ ಈ ಮನುಷ್ಯ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, "ದೇಹ ಹೊಂದ್ಕೊಳ್ತಾ ಇದೆ, ಆರು ವಾರ ನೋಡೋಣ" ಅನ್ನುತ್ತಿದ್ದ. ದೇವರು ಇವನಿಗೆ ಕೈ ಕೊಟ್ಟಿದ್ದಾನೆ, ಬಾಯಿ ಕೊಡುವಾಗ ಮಾತ್ರ ಜಿಪುಣತನ ಮಾಡಿದ್ದಾನೆ ಎಂದು ನಾನು ತಂಗಿಗೆ ಎಷ್ಟು ಸಲ ಹೇಳಿದ್ದೆನೋ.

ಆಪರೇಷನ್ ಆಗಿದ್ದು ತಂಗಿಗೆ. ಹೊಟ್ಟೆಯನ್ನು ಬಾಳೆಕಾಯಿಯಷ್ಟು ಸಣ್ಣ ಮಾಡಿ ತೂಕ ಇಳಿಸುವ ಆಪರೇಷನ್. ನೂರ ಇಪ್ಪತ್ತೊಂದು ಕಿಲೋ ಇದ್ದವಳನ್ನು ಮನೆಯಲ್ಲಿ ನಾವು ಕರೆಯುವುದು ಪುಟ್ಟಿ ಅಂತ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟು ಅವಳದು, ಅವಳ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಹದಿನೇಳು ವರ್ಷದಲ್ಲಿ ಆ ಬ್ರೇಕು ಎಷ್ಟು ಜನರನ್ನು ಉಳಿಸಿದೆಯೋ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆ ಬಂತು, ಮಂಡಿ ಕೈಕೊಟ್ಟಿತು, ಕಲಿಯಲು ಬಂದ ಪುಂಡರು ಕಾರು ಒಂದು ಕಡೆಗೆ ವಾಲುತ್ತದೆ ಎಂದು ನಗತೊಡಗಿದರು. ಆಗ ಆಪರೇಷನ್ ಮಾಡಿಸು, ಮಾಡಿಸು ಎಂದು ಅವಳ ಬೆನ್ನು ಬಿದ್ದವಳು ನಾನು. ಅವಳಿಗೆ ಅಷ್ಟೇನೂ ಮನಸ್ಸಿರಲಿಲ್ಲ.

ಇನ್ನು ನನ್ನ ವಿಷಯ. ನ್ಯಾಯಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಶೀಘ್ರಲಿಪಿ ಬರೆಯುತ್ತಿದ್ದೇನೆ. ವಕೀಲರು ಕೇಳಿದ್ದು, ಸಾಕ್ಷಿ ಹೇಳಿದ್ದು, ನ್ಯಾಯಾಧೀಶರು ಗದರಿದ್ದು, ಎಲ್ಲವೂ ಅಕ್ಷರ ಬಿಡದೆ ನನ್ನ ಪುಸ್ತಕಕ್ಕೆ ಇಳಿಯುತ್ತದೆ. ಅಲ್ಲಿ ನನಗೆ ಕಿವಿ ಇದೆ, ಕೈ ಇದೆ, ಬಾಯಿ ಇಲ್ಲ. ಸಾಕ್ಷಿ ಸುಮ್ಮನೆ ತಲೆ ಆಡಿಸಿದಾಗ ಮಾತ್ರ, "ತಲೆ ಆಡಿಸಿದ್ದು ಬರೆಯೋಕಾಗಲ್ಲ, ಬಾಯಲ್ಲಿ ಹೇಳಿ" ಎನ್ನುತ್ತೇನೆ. ಆ ನನ್ನ ಮಾತನ್ನೂ ಬರೆಯುವುದಿಲ್ಲ. ಬರೆಯುವವಳ ಮಾತು ದಾಖಲೆಯಲ್ಲಿ ಬರಕೂಡದು ಎಂಬುದು ನಮ್ಮಲ್ಲಿ ಮೊದಲ ದಿನ ಕಲಿಸುವ ಪಾಠ.

ಹಾಗಾಗಿ ಡಾಕ್ಟರ ಕೋಣೆಗೂ ನಾನು ಪುಸ್ತಕ ಹಿಡಿದೇ ಹೋಗುತ್ತಿದ್ದೆ. ಮೊದಲ ಸಲ ನೋಡಿ ಅವನು ಖುಷಿಪಟ್ಟ. "ಓ, ನೋಟ್ಸ್ ಮಾಡ್ಕೋತೀರಾ, ಒಳ್ಳೇದು" ಎಂದು ಶಾಲೆಯ ಮಗುವಿಗೆ ಹೇಳುವಂತೆ ಹೇಳಿದ. ಹೊರಗಿನ ಕೋಣೆಯ ಗೋಡೆಯ ತುಂಬ ಜೋಡಿ ಫೋಟೋಗಳು, 'ಮುಂಚೆ' ಮತ್ತು 'ಆಮೇಲೆ'. ಮುಂಚಿನವರೆಲ್ಲ ಮುಖ ಊದಿಸಿಕೊಂಡು ನಿಂತಿದ್ದರೆ ಆಮೇಲಿನವರೆಲ್ಲ ಅಗಲವಾದ ಹಳೇ ಪ್ಯಾಂಟಿನೊಳಗೆ ನಿಂತು ಹಲ್ಲು ಕಿರಿಯುತ್ತಿದ್ದರು. ಆಪರೇಷನ್ ಆದ ಎಂಟನೇ ವಾರಕ್ಕೆ ಪುಟ್ಟಿಯ ಫೋಟೋವೂ ಅಲ್ಲಿ ನೇತಾಡಿತು. ಮೂವತ್ತು ಕಿಲೋ ಹತ್ತಿರ ಇಳಿದಿದ್ದಳಲ್ಲ, ಅವನಿಗೆ ಅಷ್ಟು ಸಾಕು. ಅವತ್ತು ಅವಳು ಗೋಡೆ ಹಿಡಿದುಕೊಂಡು ಒಳಗೆ ನಡೆದಿದ್ದನ್ನು ನೋಡಿದವರು ಯಾರು? ಫೋಟೋದಲ್ಲಿ ಗೋಡೆ ಕಾಣುವುದಿಲ್ಲ.

ಹತ್ತನೇ ವಾರ ಪುಟ್ಟಿ ಸಂಜೆ ಮನೆಗೆ ಬಂದು ಚಪ್ಪಲಿ ಬಿಡದೆ ಕುರ್ಚಿಯ ಮೇಲೆ ಕೂತಳು.

"ಅಕ್ಕ, ಇವತ್ತು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ."

"ಬ್ರೇಕ್ ಕೆಟ್ಟಿತ್ತಾ?"

"ಬ್ರೇಕ್ ಚೆನ್ನಾಗೇ ಇದೆ. ಕಾಲು ಅದರ ಮೇಲಿರಲಿಲ್ಲ. ಪಕ್ಕದಲ್ಲಿ ಮ್ಯಾಟ್ ಒತ್ತಿದ್ದೆ. ನೋಡೋವರೆಗೂ ನಂಗೆ ಗೊತ್ತೇ ಆಗಲಿಲ್ಲ."

ಮೈದಾನದಲ್ಲಿ ಗುರುತಿಗೆ ಇಟ್ಟಿದ್ದ ಮರಳಿನ ಡ್ರಮ್ಮು ಉರುಳಿತ್ತಂತೆ. ಡ್ರಮ್ಮಿನ ಜಾಗದಲ್ಲಿ ಮನುಷ್ಯರಿರಲಿಲ್ಲ, ಅದು ನಮ್ಮ ಪುಣ್ಯ. ಮೊಣಕಾಲ ಕೆಳಗೆ ದಪ್ಪ ಕಾಲುಚೀಲ ಹಾಕಿದ ಹಾಗಿದೆ, ಒಂದೊಂದು ಸಲ ಎದುರಿನ ಡ್ರಮ್ಮು ಎರಡೆರಡಾಗಿ ಕಾಣುತ್ತದೆ ಎಂದಳು. ಕಾಲು ಹೋದರೆ ಅವಳ ಕೆಲಸ ಹೋದಂತೆ. ಆ ಸೀಟು ಹೋದರೆ ನನ್ನ ತಂಗಿಯಲ್ಲಿ ಉಳಿಯುವುದು ಏನು? ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವಾರದ ಹಿಂದೆಯೇ ಅವನ ಮುಂದೆ ಕೂತು ಕಾಲು ಜುಮುಗುಡುತ್ತದೆ ಅಂದಿದ್ದೆವು. ಏನಂದ? ನಾರ್ಮಲ್ ಅಂದ.

ಮೂರು ಭೇಟಿಗಳ ಶೀಘ್ರಲಿಪಿಯನ್ನೂ ಕೂತು ಟೈಪು ಮಾಡಿದೆ. ಕೋರ್ಟಿನ ಕ್ರಮದಲ್ಲೇ, ಎಡಕ್ಕೆ ಯಾರು ಆಡಿದ್ದು, ಬಲಕ್ಕೆ ಏನು ಆಡಿದ್ದು, ಪ್ರತಿ ಸಾಲಿಗೂ ಸಂಖ್ಯೆ. ಹತ್ತೊಂಬತ್ತು ಪುಟ. ಅದರಲ್ಲಿ ನಾರ್ಮಲ್ ಮೂವತ್ತೊಂದು ಸಲ, ನೋಡೋಣ ಹದಿನಾಲ್ಕು ಸಲ. ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಒಂದೂ ಇಲ್ಲ, ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹಾಳೆಗಳಿಗೆ ಪಿನ್ನು ಹೊಡೆಯುವಾಗ ನನಗೆ ಎಂಥ ಸುಖ. ನಾಳೆ ಇವನ ಮುಖದ ನೀರಿಳಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮರುದಿನ ಡಾಕ್ಟರ ಮೇಜಿನ ಮೇಲೆ ಎಂದಿನಂತೆ ಪ್ಲಾಸ್ಟಿಕ್ಕಿನ ಹೊಟ್ಟೆ ಇತ್ತು. ಮಾತಾಡುತ್ತ ಅದರ ಮುಚ್ಚಳ ತೆಗೆದು ಹಾಕಿ ಮಾಡುವುದು ಅವನ ಚಟ.

"ತೊಂಬತ್ತಕ್ಕೆ ಬಂದಿದ್ದೀರಿ. ಬಹಳ ಚೆನ್ನಾಗಿದೆ" ಎಂದು ಕಂಪ್ಯೂಟರಿಗೆ ಹೇಳಿದ.

"ಅವಳಿಗೆ ಪಾದದ ಅರಿವಿಲ್ಲ ಡಾಕ್ಟರೇ. ನಿನ್ನೆ ಕಾರು ಗುದ್ದಿಸಿದ್ದಾಳೆ. ಎರಡು ಪ್ರಶ್ನೆ ಇದೆ. ಇದು ಯಾಕೆ ಆಗ್ತಿದೆ? ಇದು ವಾಸಿ ಆಗುತ್ತಾ ಇಲ್ವಾ?"

ಅವನು ಮುಗುಳ್ನಕ್ಕು ಮೆಲ್ಲಗೆ ತಲೆ ಆಡಿಸಿದ. ಹೌದೋ ಅಲ್ಲವೋ ಹರ ಬ್ರಹ್ಮನಿಗೂ ತಿಳಿಯದಂಥ ತಲೆಯಾಟ.

"ತಲೆ ಆಡಿಸಿದ್ದು ಬರೆಯೋಕಾಗಲ್ಲ. ಬಾಯಲ್ಲಿ ಹೇಳಿ."

"ಅಂದ್ರೆ, ಇಷ್ಟು ಬೇಗ ತೂಕ ಇಳಿದಾಗ ಕೆಲವರಿಗೆ ಸ್ವಲ್ಪ..."

"ಕೆಲವರ ಮಾತು ಬೇಡ. ಇವಳದ್ದು ಹೇಳಿ." ನಾನು ಹತ್ತೊಂಬತ್ತು ಪುಟವನ್ನು ಪ್ಲಾಸ್ಟಿಕ್ ಹೊಟ್ಟೆಯ ಪಕ್ಕಕ್ಕೆ ಇಟ್ಟೆ. "ಇದು ಈ ಕೋಣೆಯಲ್ಲಿ ನೀವು ಇಲ್ಲಿವರೆಗೂ ಆಡಿರೋ ಮಾತು. ಒಂದಕ್ಷರ ನಾನು ಸೇರಿಸಿಲ್ಲ."

ಮುಚ್ಚಳ ಹಿಡಿದ ಕೈ ಅಲ್ಲೇ ನಿಂತಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಗುರುತು ಹಾಕಿಟ್ಟುಕೊಂಡಿದ್ದ ಪುಟ ತೆಗೆದು ಗಟ್ಟಿಯಾಗಿ ಓದಿದೆ.

"ಎರಡನೇ ಭೇಟಿ, ಐದನೇ ವಾರ. ಡಾಕ್ಟರು: ದಿನಾ ವಾಂತಿ ಆಗುತ್ತಾ? ಮಾತ್ರೆ ಹೊಟ್ಟೇಲಿ ನಿಲ್ತಿದೆಯಾ? ಅದರ ಮುಂದಿನ ಸಾಲು, ಡಾಕ್ಟರು: ಗುಡ್, ಹಾಗಾದ್ರೆ ಎಲ್ಲ ನಾರ್ಮಲ್." ಹಾಳೆಯಿಂದ ತಲೆ ಎತ್ತಿದೆ. "ಪ್ರಶ್ನೆ ನಿಮ್ದೇ, ಉತ್ತರಾನೂ ನಿಮ್ದೇ. ಉತ್ತರಕ್ಕೆ ಕಾಯೋ ಅಷ್ಟೂ ಪುರುಸೊತ್ತಿಲ್ಲ ನಿಮಗೆ. ಇವಳು ಆಗ ದಿನಕ್ಕೆ ಮೂರು ನಾಲ್ಕು ಸಲ ವಾಂತಿ ಮಾಡ್ತಿದ್ಲು."

ಡಾಕ್ಟರು ಮುಚ್ಚಳ ಕೆಳಗಿಟ್ಟ. ಹಾಳೆ ತೆಗೆದುಕೊಂಡು ಆ ಎರಡು ಸಾಲನ್ನು ಓದಿದ, ಮತ್ತೆ ಓದಿದ. "ಇಲ್ಲಿ ಮಧ್ಯದಲ್ಲಿ ಏನೋ ಬಿಟ್ಟುಹೋಗಿದೆ" ಎಂದ.

"ನಾನು ಬರೆದದ್ದರಲ್ಲಿ ಬಿಟ್ಟುಹೋಗಲ್ಲ. ಇಪ್ಪತ್ತಾರು ವರ್ಷದಲ್ಲಿ ಬಿಟ್ಟುಹೋಗಿಲ್ಲ."

"ಅಕ್ಕ" ಎಂದಳು ಪುಟ್ಟಿ. ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಆಗ ಹೇಳಿದ್ದು ನೀನೇ ಅಲ್ವಾ?"

"ಏನಂತ?"

"ಅಂಥದ್ದೇನಿಲ್ಲ ಡಾಕ್ಟರೇ, ಗಬಗಬ ತಿಂತಾಳೆ, ಅದಕ್ಕೆ ಒಂದೊಂದ್ಸಲ ಕಕ್ಕೋತಾಳೆ ಅಷ್ಟೇ, ಮಾತ್ರೆ ಎಲ್ಲ ನಿಲ್ತಿದೆ ಅಂತ."

ಪುಟ ನನ್ನ ಎದುರಿಗೇ ಇತ್ತು. ಎರಡು ಸಾಲು, ನಡುವೆ ಏನೂ ಇಲ್ಲ. ಬರೆಯುವವಳ ಮಾತು ದಾಖಲೆಯಲ್ಲಿ ಬರಕೂಡದಲ್ಲ, ಹಾಗಾಗಿ ಬಂದಿರಲಿಲ್ಲ. ಹತ್ತೊಂಬತ್ತು ಪುಟವನ್ನೂ ಮನಸ್ಸಿನಲ್ಲೇ ತಿರುವಿದೆ. ಅಂಥ ಸಂದುಗಳು ಇನ್ನೆಷ್ಟಿದ್ದವೋ. ಪುಟ್ಟಿಯ ಮಾತು ಎಷ್ಟು ಸಾಲು ಎಂದು ಹುಡುಕಿದರೆ ಮೂರೋ ನಾಲ್ಕೋ. ಮಿಕ್ಕಿದ್ದೆಲ್ಲ ಅವಳ ಪರವಾಗಿ ನಾನೇ ಆಡಿದ್ದೆ, ನಾನು ಆಡಿದ್ದಕ್ಕೆ ಅವನು ನಾರ್ಮಲ್ ಅಂದಿದ್ದ. ಆಪರೇಷನ್ ಮಾಡಿಸು ಎಂದು ಪೀಡಿಸಿದವಳಿಗೆ ಆಪರೇಷನ್ ಸರಿಹೋಗಿಲ್ಲ ಅನ್ನುವುದನ್ನು ಕೇಳಲು ಇಷ್ಟವಿರಲಿಲ್ಲ. ಅಷ್ಟೇ ಕತೆ. ಬಚ್ಚಲಿನಲ್ಲಿ ಅವಳು ಕಕ್ಕುವ ಸದ್ದು ಕೇಳಿದಾಗಲೆಲ್ಲ, ನಿಧಾನಕ್ಕೆ ತಿನ್ನೋಕೆ ಏನು ಧಾಡಿ ನಿಂಗೆ ಎಂದು ಬಾಗಿಲ ಹೊರಗಿನಿಂದ ಬೈದಿದ್ದೆ.

ಡಾಕ್ಟರು ಕುರ್ಚಿ ಬಿಟ್ಟು ಎದ್ದ. ನಾಲ್ಕು ಭೇಟಿಯಲ್ಲಿ ಅವನು ಎದ್ದದ್ದು ಅದೇ ಮೊದಲು. ಮೇಜು ಸುತ್ತಿ ಬಂದು ಪುಟ್ಟಿಯ ಎದುರಿಗೆ ಸ್ಟೂಲು ಎಳೆದು ಕೂತ.

"ನೀವು ಹೇಳಿ. ವಾಂತಿ ಎಷ್ಟು ಸಲ?"

"ಮೂರನೇ ವಾರದಿಂದ ದಿನಾ. ಮೂರು ಸಲ, ನಾಲ್ಕು ಸಲ. ಮಾತ್ರೆ ನುಂಗಿದ್ರೆ ಅದೂ ಹೊರಗೆ ಬರುತ್ತೆ."

ಬೆರಳು ತೋರಿಸಿ ಅತ್ತಿತ್ತ ಆಡಿಸಿದ, ಅವಳ ಕಣ್ಣು ಬೆರಳಿನ ಹಿಂದೆ ಓಡಲಾರದೆ ನಡುಗಿತು. ಒಂದು ಹೆಜ್ಜೆಯ ಮುಂದೆ ಇನ್ನೊಂದು ಇಟ್ಟು ನಡೆಯಿರಿ ಎಂದ, ಅವಳು ಎರಡನೆಯದಕ್ಕೇ ವಾಲಿದಳು. ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳು ಹಿಡಿದುಕೊಂಡ.

"ಮುಟ್ಟಿದಾಗ ಹೇಳಿ."

"ಸರಿ, ಮುಟ್ಟಿ" ಎಂದಳು ಪುಟ್ಟಿ, ಕಾಯುತ್ತ.

ಅವನು ಹಿಡಿದುಕೊಂಡೇ ಇದ್ದ. ನಾನು ಮುಖ ತಿರುಗಿಸಿದೆ.

ಅರ್ಧ ಗಂಟೆಯೊಳಗೆ ಅವಳನ್ನು ವಾರ್ಡಿಗೆ ಸೇರಿಸಿ ಕೈಗೆ ಸೂಜಿ ಚುಚ್ಚಿ ಹಳದಿ ಬಣ್ಣದ ಬಾಟಲಿ ಏರಿಸಿದರು. ನಾನು ಅವನನ್ನು ವಾರ್ಡಿನ ಹೊರಗೆ ಅಡ್ಡಗಟ್ಟಿದೆ. ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ, ಈಗ ಅದಕ್ಕೆ ಇನ್ನೊಬ್ಬಳು ಪಾಲುಗಾರ್ತಿ ಸೇರಿದ್ದಳು ಅಷ್ಟೆ.

"ಯಾಕಾಯ್ತು ಹೇಳಿ. ಬಿಡಿಸಿ ಹೇಳಿ."

"ವಿಟಮಿನ್ ಬಿ-ಒನ್ ಕೊರತೆ. ವಾಂತೀಲಿ ಎಲ್ಲ ಹೋಗಿದೆ. ಅದಿಲ್ಲದಿದ್ರೆ ನರ ಸಾಯುತ್ತೆ. ಕಣ್ಣು ಕೆಲವು ದಿನದಲ್ಲಿ ಸರಿಹೋಗುತ್ತೆ. ನಡಿಗೆ ಸುಮಾರಾಗಿ ಬರುತ್ತೆ. ಪಾದ ಹೇಳೋಕಾಗಲ್ಲ, ಬರದೇನೂ ಇರಬಹುದು. ಜುಮು ಶುರುವಾದಾಗಲೇ ಇಂಜೆಕ್ಷನ್ ಕೊಟ್ಟಿದ್ರೆ ಧೈರ್ಯವಾಗಿ ಹೇಳ್ತಿದ್ದೆ."

"ಜುಮು ಶುರುವಾದಾಗ ನಿಮ್ಮ ಹತ್ರಾನೇ ಬಂದಿದ್ವಲ್ಲ."

ಅವನು ತಲೆ ತಗ್ಗಿಸಿದ. ಇನ್ನೇನು ಆಡಿಸಿಯೇ ಬಿಡುತ್ತಾನೆ ಅಂದುಕೊಂಡೆ.

"ಹೌದು. ಬಂದಿದ್ರಿ. ನಾನು ಅವತ್ತು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ. ಅವರನ್ನೇ ಕೇಳಬೇಕಿತ್ತು, ಅದೂ ಮಾಡಲಿಲ್ಲ."

ಹತ್ತು ವಾರದಿಂದ ನಾನು ಬೇಡಿದ್ದ ನೇರ ಉತ್ತರ ಇದೇ. ಬಂದಾಗ ಪುಸ್ತಕ ನನ್ನ ಚೀಲದಲ್ಲೇ ಉಳಿದಿತ್ತು. ಅವನು ಹೊರಟುಹೋದ.

ಒಳಗೆ ಹೋದಾಗ ನರ್ಸು ಹಾಸಿಗೆಯ ಪಕ್ಕ ಕಾಗದ ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ, "ಇವತ್ತು ವಾಂತಿ ಆಗಿತ್ತಾ?" ಎಂದು ನನ್ನನ್ನು ಕೇಳಿದಳು. ಎಲ್ಲರೂ ನನ್ನನ್ನೇ ಕೇಳುತ್ತಾರೆ, ನನ್ನ ಮುಖವೇ ಹಾಗಿದೆ. ನಾನು ಪುಟ್ಟಿಯ ಕಡೆ ನೋಡಿದೆ.

"ಎರಡು ಸಲ" ಎಂದಳು ಪುಟ್ಟಿ. ನರ್ಸು ಬರೆದುಕೊಂಡು ಹೋದಳು.

ಪುಟ್ಟಿ ಬಾಟಲಿಯಿಂದ ಹನಿ ಬೀಳುವುದನ್ನೇ ನೋಡುತ್ತಿದ್ದಳು. ಕೊರಳ ಹತ್ತಿರ ಚರ್ಮ ಸಡಿಲಾಗಿ ಇಳಿಬಿದ್ದಿತ್ತು. ಅವಳು ಇಷ್ಟು ಸಣ್ಣಗಾಗಿದ್ದಾಳೆಂದು ನನಗೆ ಆಗ ಕಂಡಿತು.

"ಹೊರಗೆ ಅವರನ್ನ ಕೇಳಿದ್ಯಲ್ಲ, ಏನಂದ್ರು? ಪಾದ ಮೊದಲಿನ ಹಾಗೆ ಆಗುತ್ತಾ?"

ನಾನು ಅವಳ ಹೊದಿಕೆ ಸರಿಮಾಡಿದೆ. ಮುಗುಳ್ನಕ್ಕು, ಮೆಲ್ಲಗೆ ತಲೆ ಆಡಿಸಿದೆ.

"ಅಕ್ಕ, ತಲೆ ಆಡಿಸ್ಬೇಡ" ಎಂದಳು ಪುಟ್ಟಿ. "ಬಾಯಲ್ಲಿ ಹೇಳು."

ನಾನು ಹಾಸಿಗೆಯ ಅಂಚಿಗೆ ಕೂತೆ.

"ಗೊತ್ತಿಲ್ಲ ಪುಟ್ಟಿ. ಬರದೇನೂ ಇರಬಹುದು ಅಂದ್ರು. ಆಗಲೇ ನಾನು ಬಾಯಿ ಮುಚ್ಕೊಂಡು ನಿನ್ನ ಮಾತಾಡೋಕೆ ಬಿಟ್ಟಿದ್ರೆ ಬರ್ತಿತ್ತೇನೋ."

ಅವಳು ಚೀಲದ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅದನ್ನೂ ಬರ್ಕೋ" ಎಂದಳು.

ನಾನು ಪುಸ್ತಕ ತೆಗೆದು, ಎಡಗಡೆಗೆ 'ಅಕ್ಕ' ಎಂದು ಬರೆದೆ.