ಖಂಡೇಪೂಜೆಗೆ ಕುಳಿತ ಟ್ರಿಗರ್ ಗಾರ್ಡ್

ಬಸವಪ್ರಭುವಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಆ ವಾರ ಕಾರಣವೂ ಇತ್ತು. ಬಂದೂಕಿನ ಲೋಹದ ಮೇಲೆ ಹೂಬಳ್ಳಿ ಕೊರೆಯುವುದನ್ನು ಕಲಿಯಬೇಕೆಂದು ಕಾಲೇಜು ಅರ್ಧಕ್ಕೇ ಬಿಟ್ಟಿದ್ದ. ಬರ್ಮಿಂಗ್‌ಹ್ಯಾಮಿನ ಬಂದೂಕು ಮಾಡುವವರ ಕೇರಿ ಗನ್ ಕ್ವಾರ್ಟರ್‌ನಲ್ಲಿ ಅವನು ಗಂಟುಬಿದ್ದ ಮುದುಕ ಕೆತ್ತನೆಗಾರ ಹಾಸ್ಕಿನ್ಸ್, ಅವನು ಕೊರೆದು ತಂದ ಹಿತ್ತಾಳೆ ತಗಡುಗಳನ್ನು ನೋಡಿ, ಚಪ್ಪಟೆಯ ಮೇಲೆ ಯಾರು ಬೇಕಾದರೂ ಕೊರೆಯುತ್ತಾರೆ, ಬಂದೂಕು ಬಾಗಿರುತ್ತದೆ ಎಂದ. ಟ್ರಿಗರಿನ ಸುತ್ತ ಬಾಗುವ ಉಕ್ಕಿನ ಪಟ್ಟಿ ಇರುತ್ತದಲ್ಲ, ಟ್ರಿಗರ್ ಗಾರ್ಡ್, ಅದರ ಮೇಲೆ ಬಳ್ಳಿ ಹರಿಸಿ ಶುಕ್ರವಾರ ಬೆಳಿಗ್ಗೆ ತಂದರೆ ತನ್ನ ಕೆಲಸದ ಬೆಂಚಿನಲ್ಲಿ ಕಲಿಯಲು ಜಾಗ. ಇಲ್ಲವಾದರೆ ವಾಪಸ್ ಕಾಲೇಜು.

ಅಂಗಡಿಯ ಹೊಸ ಗಾರ್ಡಿನ ಬೆಲೆ ಕೇಳಿದರೆ ಲಾರ್ಡುಗಳೇ ಕೊಳ್ಳಬೇಕು. ಆನ್‌ಲೈನ್ ಹರಾಜಿಗೆ ಹಳೆಯದು ಬಂದರೆ ಲೀಡ್ಸ್‌ನ ಯಾವನೋ ಪ್ರತಿಸಲ ಕೊನೆಯ ಗಳಿಗೆಯಲ್ಲಿ ಎಗರಿಸುತ್ತಿದ್ದ. ಅಕ್ಕ ನಿವೇದಿತಾ ಜಿಪಿ, ಬಡಾವಣೆಯ ಡಾಕ್ಟರು. ರೋಗಿಗಳಿಗೆ ಕೊಡುವ ಸಮಾಧಾನದಲ್ಲಿ ತಮ್ಮನಿಗೆ ಒಂದು ಚೂರೂ ಉಳಿಸುತ್ತಿರಲಿಲ್ಲ.

"ಬಾಗಿದ್ದು ಬೇಕಂದ್ರ ಸೌಟಿನ ಮ್ಯಾಲೆ ಕೊರಿಯೋ. ಸಾರರೆ ಚಂದ ಕಾಣ್ತದ."

ಮಾರುವವರನ್ನು ಬಿಟ್ಟು ಬಿಸಾಡುವವರನ್ನು ಕೇಳಬೇಕೆಂದು ಅವನಿಗೆ ಹೊಳೆದದ್ದು ಆಮೇಲೆ. ಆಸ್ಟನ್‌ನ ಒಬ್ಬ ಬಂದೂಕು ರಿಪೇರಿಯವನ ಬೆಂಚಿನ ಕೆಳಗೆ, ಸತ್ತ ಬಂದೂಕುಗಳಿಂದ ಬಿಚ್ಚಿದ ಗಾರ್ಡುಗಳು, ಪಕ್ಕದ ಪಟ್ಟಿಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಕ್ಕು ಹಿಡಿಯುತ್ತಿದ್ದವು. ಅಜ್ಜಿ ಗಂಗವ್ವ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು ಬಸವಪ್ರಭು ಈ ಡಬ್ಬಿ ಹೊತ್ತು ತಂದ. ಲಾಭ ತನಗೇ ಆಯಿತೆಂದು ಇಬ್ಬರೂ ನಂಬಿದರು. ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಒಂದು ಗಾರ್ಡನ್ನು ಹೊಳೆಯುವಂತೆ ಮಾಡಿದ. ಕೊರೆಯಲು ಗುರುವಾರ ಮಧ್ಯಾಹ್ನವನ್ನು ಇಟ್ಟುಕೊಂಡಿದ್ದ.

ಗುರುವಾರ, ಖರ್ಚಿಗೆಂದು ಹಿಡಿದಿದ್ದ ಗೋದಾಮಿನ ಶಿಫ್ಟ್ ಮುಗಿಸಿ ಬಂದರೆ ಡಬ್ಬಿ ಖಾಲಿ. ದೇವರ ಮೂಲೆಯಲ್ಲಿ ಮಿಕ್ಸರ್, ಅಪ್ಪನ ಲ್ಯಾಪ್‌ಟಾಪ್, ಅವುಗಳ ನಡುವೆ ಅವನ ಉಳಿಗಳು, ಗಾರ್ಡುಗಳು. ಹೊಳೆಯುತ್ತಿದ್ದ ಗಾರ್ಡಿಗಂತೂ ಒಂದಿಂಚೂ ಬಿಡದಂತೆ ವಿಭೂತಿ ಬಳಿದು, ಚೆಂಡುಹೂ ಏರಿಸಲಾಗಿತ್ತು.

"ಆಯಿ, ಇದೇನ್ ಮಾಡಿದಿ?" ಎಂದು ಅಜ್ಜಿಯ ಮೇಲೆ ಹರಿಹಾಯ್ದ.

"ಖಂಡೇಪೂಜಿ. ಪೂಜಿಗಿಟ್ಟ ಆಯುಧ ನಾಳೆ ಮುಂಜಾನಿತನಕ ಎತ್ತಂಗಿಲ್ಲ," ಎಂದಳು ಗಂಗವ್ವ. "ಈ ಮನ್ಯಾಗ ವರ್ಷಾ ವರ್ಷಾ ಮಿಕ್ಸರ್‌ಗೆ ಪೂಜಿ ಮಾಡಿ ಮಾಡಿ ನನಗೂ ಬ್ಯಾಸರಾಗಿತ್ತು. ಈ ಸಲ ಖರೇ ಆಯುಧ ಬಂದಾವು."

ನಾಳೆ ಮುಂಜಾನೆಗೇ ಕೊಡಬೇಕು, ಬೆಂಚು ಕೈತಪ್ಪುತ್ತದೆ ಎಂದು ಅವನು ಹಾರಾಡಿದ. ಅಕ್ಕ ಪೂಜೆಗಿಟ್ಟ ಸ್ಟೆತೊಸ್ಕೋಪ್ ಎತ್ತಿಕೊಂಡು ಹೋಗಲಿಲ್ಲವೇ ಎಂದು ಜಗಳಕ್ಕೆ ನಿಂತ.

"ಆಕಿ ಜೀವಾ ಉಳಸಾಕ ಹೋಗ್ಯಾಳ. ನೀ ಯಾರ ಜೀವಾ ಉಳಸಾವಪ್ಪಾ?"

ಪೆನ್ಸಿಲ್ ಆದರೂ ಮುಟ್ಟಬಹುದೋ ಎಂದು ಕೇಳಿದ. ಗಂಗವ್ವ ಯೋಚಿಸಿದಳು. ಪೆನ್ಸಿಲನ್ನು ಪೂಜೆಗೆ ಇಟ್ಟಿರಲಿಲ್ಲ. ಗಾರ್ಡು ಕದಲದಂತೆ ಕುಂತಲ್ಲೇ ಬರಿ ಎಂದಳು.

ನುಣುಪು ಉಕ್ಕಿನ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲ. ಒಣಗಿದ ವಿಭೂತಿಯ ಮೇಲೆ ನಿಂತಿತು. ಗಾರ್ಡನ್ನು ತಿರುಗಿಸುವಂತಿಲ್ಲ, ಹಾಗಾಗಿ ಅವನೇ ಅದರ ಸುತ್ತ ತೆವಳಿದ, ಕೆನ್ನೆ ನೆಲಕ್ಕೆ ಹಚ್ಚಿ ಕೆಳಗಿಂದ ನೋಡಿದ. ಹಾಗೆ ನೋಡಿದಾಗ ಬಳ್ಳಿ ಬಾಗಿದಲ್ಲಿ ಸೊಟ್ಟಗಾಗಿರುವುದು ಕಂಡಿತು.

"ಮೊಣಕಾಲ ಮುರಕೊಂಡಂಗ ಐತಿ ನಿನ್ನ ಬಳ್ಳಿ," ಎಂದು ಆಯಿ ಹಾದುಹೋಗುತ್ತಾ ಹೇಳಿದಳು. ಅವನು ಬೆರಳಿಂದ ಒರೆಸಿದ, ಅವಳು ಮತ್ತೆ ವಿಭೂತಿ ಹಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಬಳ್ಳಿ ಮುರಿಯದೆ ಸುತ್ತು ಹಾಕಿತ್ತು. ಕೊರೆದದ್ದು ಮಾತ್ರ ಒಂದು ಗೆರೆಯೂ ಇಲ್ಲ.

ಶುಕ್ರವಾರ ಆಯಿ ಪೂಜೆ ಕದಲಿಸಿದ್ದೇ ತಡ, ವಿಭೂತಿ ಅಳಿಯದಂತೆ ಗಾರ್ಡನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹಿಡಿದ. ನಿನ್ನೆ ಉಪಕರಣಗಳಿಗೆ ರಜೆ ಇತ್ತು ಎಂದು ಮುದುಕನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವಕ್ಕೂ ಯೂನಿಯನ್ ಇದೆಯೋ ಎಂದು ಕೇಳುತ್ತಾ ಹಾಸ್ಕಿನ್ಸ್ ಗಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ. ಇಲ್ಲಿಗೆ ಬರುವವರೆಲ್ಲ ಮೊದಲು ಕೊರೆಯುತ್ತಾರೆ, ಆಮೇಲೆ ನೋಡುತ್ತಾರೆ ಎಂದು ಗೊಣಗಿದ. ಗಾರ್ಡನ್ನು ವೈಸಿನ ಉಕ್ಕಿನ ದವಡೆಗೆ ಬಿಗಿದು ತನ್ನ ಉಳಿಯನ್ನೇ ಕೊಟ್ಟ.

ಮೊದಲ ಎಲೆಯಲ್ಲೇ ಉಳಿ ಜಾರಿ ಅಂಚಿನತನಕ ಗೀರಿತು. ಬಸವಪ್ರಭು ಉಳಿಯನ್ನು ಇನ್ನೂ ಬಿಗಿಯಾಗಿ ಒತ್ತಿದ. ಹಾಸ್ಕಿನ್ಸ್ ಬಯ್ಯಲಿಲ್ಲ, ಗಾರ್ಡು ನಿನಗೇನು ಅನ್ಯಾಯ ಮಾಡಿದೆ, ಹೀಗೇಕೆ ಒತ್ತುತ್ತೀಯ ಎಂದಷ್ಟೇ ವಿಚಾರಿಸಿದ. ಎರಡನೆಯ ಎಲೆ ಪರವಾಗಿಲ್ಲ. ಮೂರನೆಯದು ಬಾಗಿನ ಮೇಲಿತ್ತು. ಉಳಿ ಅದನ್ನು ದಾಟಿ ಆಚೆ ಇಳಿಯಿತು, ಗೆರೆ ಎಲ್ಲೂ ತುಂಡಾಗಲಿಲ್ಲ.

ಮುದುಕ ಬೆಂಚಿನ ಆಚೆ ತುದಿಯ ಟೀ ಮಗ್ಗುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಗೆ ಇಟ್ಟ. ಸೋಮವಾರ ಈ ಜಾಗ ಒರೆಸಿಕೋ, ನಾನು ಒರೆಸುವುದಿಲ್ಲ ಎಂದ.